ಏಳುನೂರ ಇಪ್ಪತ್ತು ಗೆರೆ

ಬೆಳಗಿನಿಂದ ಮೂರನೇ ಸಲ ಅದೇ ಗುಡ್ಡ ಹತ್ತಿ, ಅದೇ ಸೇತುವೆ ದಾಟಿ, ಅದೇ ಬಂಡೆಯ ಪಕ್ಕ ನಿಂತಾಗಲೂ ಚಿತ್ರ ಮಸುಕಾಗಿಯೇ ಇತ್ತು. ಫ್ರೇಮಕ್ಕ ಕಂಟ್ರೋಲರನ್ನು ಮೇಜಿನ ಮೇಲೆ ಕುಕ್ಕಿದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತಿಥಿ ಬೆಚ್ಚಿಬಿದ್ದ.

ಫ್ರೇಮಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಓದುಗರು ಅಂಟಿಸಿದ್ದು. ಲಾಂಡ್ರಿಯ ಮೇಲಿನ ಮೂರು ಕೋಣೆಗಳಲ್ಲಿ ನಡೆಯುವ ಆ ವಿಡಿಯೋ ಗೇಮ್ ಪತ್ರಿಕೆಯಲ್ಲಿ ಒಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಹೊಸ ಆಟ ಬಂದ ತಕ್ಷಣ ಅದನ್ನು ಟಿವಿಗೆ ಜೋಡಿಸಿ ಆಡುವ ಎರಡು ಕನ್ಸೋಲುಗಳಲ್ಲೂ ಒಂದು ಸಾಧಾರಣ ಪಿಸಿಯಲ್ಲೂ ಆಡಿಸಬೇಕು. ಮೂರರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು, ಚಿತ್ರಕ್ಕೆ ಎಷ್ಟು ಗೆರೆ ಎಂದು ಎಣಿಸಿ, ಪತ್ರಿಕೆಯ ಜಾಲತಾಣಕ್ಕೆ ವಿಡಿಯೋ ಮಾಡಿ ತೀರ್ಪು ಹೇಳಬೇಕು. ಗೆರೆ ಹೆಚ್ಚಿದ್ದಷ್ಟೂ ಚಿತ್ರ ಚೂಪು, ಕಡಿಮೆಯಾದರೆ ಮಸುಕು. ಒಂದಕ್ಕೊಂದು ಬದ್ಧವೈರಿಗಳಾದ ಆ ಕನ್ಸೋಲುಗಳಿಗೆ ಅವಳು ಇಟ್ಟ ಹೆಸರು ಕಪ್ಪು ಡಬ್ಬ, ಬಿಳಿ ಡಬ್ಬ. ಪಿಸಿಯ ಹೆಸರು ಬಡಪಾಯಿ. ಅದನ್ನು ಅವಳೇ ಹಳೇ ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ್ದಳು, ಅದಕ್ಕೆ ಒಂದು ಬದಿಯ ಮುಚ್ಚಳವೇ ಇರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಅವಳ ಮನಸ್ಸಿದ್ದದ್ದು ಬಡಪಾಯಿಯ ಮೇಲೆ.

ಮೂರು ವಾರದ ಹಿಂದೆ ಆ ಬಡಪಾಯಿ ಗೆದ್ದುಬಿಟ್ಟಿತ್ತು. ಕಳೆದುಹೋದ ಕುದುರೆಯನ್ನು ಹುಡುಕಿಕೊಂಡು ಹೆಂಗಸೊಬ್ಬಳು ಹುಲ್ಲುಗಾವಲಲ್ಲಿ ಅಲೆಯುವ ಆಟ ಅದು. ಆರೇ ಆರು ಜನ ಸೇರಿ ಮಾಡಿದ್ದು. ಬಿಳಿ ಡಬ್ಬದಲ್ಲಿ ಚೆನ್ನಾಗಿತ್ತು, ಬಡಪಾಯಿಯಲ್ಲಿ ತಕ್ಕಮಟ್ಟಿಗೆ ಇತ್ತು. ಕಪ್ಪು ಡಬ್ಬದಲ್ಲಿ ಮಾತ್ರ ಹುಲ್ಲೆಲ್ಲ ಕಲಸಿದ ಹಿಟ್ಟು. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಣಿಸಿದಳು. ಬರೇ ಏಳುನೂರ ಇಪ್ಪತ್ತು ಗೆರೆ! ‘ಅಗ್ಗದ ಪಿಸಿ ಮುಂದೆ ಮಣ್ಣುಮುಕ್ಕಿದ ಕಪ್ಪು ಡಬ್ಬ’ ಎಂದು ಸಂಪಾದಕ ತಲೆಬರಹ ಕೊಟ್ಟ. ದುಬಾರಿ ಡಬ್ಬ ಕೊಳ್ಳಲಾಗದ ಓದುಗರೆಲ್ಲ ಹಬ್ಬ ಮಾಡಿದರು. ‘ನಮ್ಮ ಮನೇಲಿ ಚೂಪಾಗೇ ಕಾಣ್ತಿದೆಯಲ್ಲ’ ಎಂದು ಕೆಲವರು ಬರೆದದ್ದನ್ನು ಅವಳು ಕಪ್ಪು ಡಬ್ಬದ ಭಕ್ತರ ಗೋಳು ಎಂದು ಕಿವಿಗೇ ಹಾಕಿಕೊಳ್ಳಲಿಲ್ಲ. ಆಟ ಮಾಡಿದವರಿಂದ ಎರಡು ಸಲ ಪತ್ರ ಬಂತು. ಎರಡು ಸಲವೂ ಮಸುಕು ಹುಲ್ಲಿನ ಚಿತ್ರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಅವರ ಮುಖಕ್ಕೆ ಹಿಡಿದಳು.

ಈಗ ಪಕ್ಕದಲ್ಲಿ ಕೂತಿರುವವನು ಆ ಆರು ಜನರಲ್ಲಿ ಒಬ್ಬ. ಬಾಗಿಲಲ್ಲಿ ನಿಂತು, “ನಾನು ಹುಲ್ಲು ಮಾಡಿದವನು ಮೇಡಂ” ಎಂದಷ್ಟೇ ಪರಿಚಯ ಹೇಳಿಕೊಂಡಿದ್ದ. ಮಸುಕು ಹೋಗಲಾಡಿಸುವ ಪ್ಯಾಚನ್ನು, ಅಂದರೆ ಕೊಂಡವರ ಆಟಕ್ಕೆ ಇಂಟರ್ನೆಟ್ಟಿನಲ್ಲಿ ಹೋಗಿ ಸೇರುವ ತಿದ್ದುಪಡಿಯನ್ನು, ಅವರು ಇವತ್ತು ಬೆಳಗ್ಗೆ ಬಿಡುಗಡೆ ಮಾಡಿದ್ದರು. ಅವಳ ಮರುಪರೀಕ್ಷೆಯನ್ನು ಕಣ್ಣಾರೆ ನೋಡಿಕೊಂಡು ಬಾ ಎಂದು ಬಾಸು ಕಳಿಸಿದ್ದ.

“ಇನ್ನೂ ಅಷ್ಟೇ,” ಎಂದಳು ಫ್ರೇಮಕ್ಕ. “ಏಳುನೂರ ಇಪ್ಪತ್ತು. ಒಂದು ಗೆರೆನೂ ಜಾಸ್ತಿ ಆಗಿಲ್ಲ. ಮೂರು ವಾರ ಏನ್ ಮಾಡ್ತಾ ಇದ್ರಿ?”

“ಹುಲ್ಲು ಕೀಳ್ತಾ ಇದ್ದೆ,” ಎಂದ ಅವನು.

“ಏನು?”

“ಅಷ್ಟೊಂದು ಹುಲ್ಲಿನಿಂದ ಡಬ್ಬಕ್ಕೆ ಭಾರ ಜಾಸ್ತಿ ಆಗಿ ಗೆರೆ ಕಡಿಮೆ ಬಿಡಿಸ್ತಿದೆ ಅಂತ ಬಾಸು ತೀರ್ಮಾನ ಮಾಡಿದ್ರು. ನಮ್ ಹತ್ರ ಮಸುಕೇ ಇಲ್ಲ ಸಾರ್ ಅಂದೆ. ಆ ಮೇಡಂ ಒಂಬತ್ತು ವರ್ಷದಿಂದ ಎಣಿಸ್ತಿದ್ದಾರೆ, ಅವರು ಸುಳ್ಳು ಹೇಳ್ತಾರಾ ಅಂದ್ರು. ಮುಕ್ಕಾಲು ಪಾಲು ಹುಲ್ಲು ಕಿತ್ತೆ ಮೇಡಂ. ಉಳಿದಿದ್ದು ಬಾಗೋದಿಲ್ಲ, ಹಾಗೇ ಕಡ್ಡಿ ನೆಟ್ಟ ಹಾಗೆ ನಿಂತಿರುತ್ತೆ. ಇಷ್ಟು ಮಾಡಿದ್ಮೇಲೂ ಒಂದು ಗೆರೆ ಜಾಸ್ತಿ ಆಗಿಲ್ಲ ಅಂದ್ರೆ...” ಅವನ ದನಿ ಏರಿತು. “ಒಂದ್ಸಲ ಆ ಡಬ್ಬದ ಸೆಟ್ಟಿಂಗ್ ತೆಗೀರಿ.”

ಅವಳ ಪಿತ್ತ ನೆತ್ತಿಗೇರಿತು. ನಿನ್ನೆ ಮೊನ್ನೆ ಹುಲ್ಲು ನೆಟ್ಟವನು ತನಗೆ ಸೆಟ್ಟಿಂಗ್ ನೋಡು ಅನ್ನುವುದೇ! ರೆಕಾರ್ಡಿಂಗ್‌ಗೆ ಮೊದಲು ಏನೇನು ನೋಡಬೇಕು ಎಂಬ ಪಟ್ಟಿ ಎದುರಿನ ಗೋಡೆಯ ಮೇಲೆ ಅವಳದೇ ಕೈಬರಹದಲ್ಲಿ ಅಂಟಿಕೊಂಡಿತ್ತು. ಮೊದಲ ಸಾಲೇ ಅದು: ಡಬ್ಬದ ಪರದೆ ಸೆಟ್ಟಿಂಗ್ ನೋಡಿ. ಅದನ್ನು ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ಬರೆದಿದ್ದಳು. ತನಗಾಗಿ ಅಲ್ಲ.

“ನೋಡ್ಕೊಳ್ಳಿ,” ಎಂದು ಹಲ್ಲು ಕಚ್ಚಿ ಮೆನು ತೆರೆದಳು. “ಕಣ್ತುಂಬ ನೋಡ್ಕೊಳ್ಳಿ.”

ಇಬ್ಬರೂ ನೋಡಿದರು. ಪರದೆಗೆ ಕಳಿಸುವ ಚಿತ್ರ: ಏಳುನೂರ ಇಪ್ಪತ್ತು. ಆಯ್ಕೆ ಮಾಡಿದ್ದು: ಕೈಯಾರೆ.

ನಾಲ್ಕು ವಾರದ ಹಿಂದಿನ ಒಂದು ಭಾನುವಾರ ಅವಳ ಕಣ್ಣ ಮುಂದೆ ಬಂತು. ‘ನೀನು ಅದೇನ್ ಕೆಲಸ ಮಾಡ್ತೀಯೋ ಒಂದ್ಸಲ ತೋರಿಸೇ’ ಎಂದು ಅಮ್ಮ ವರ್ಷದಿಂದ ಪೀಡಿಸುತ್ತಿದ್ದಳು ಎಂದು ಕಪ್ಪು ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗಿದ್ದಳು. ಅಮ್ಮನ ಮುದಿ ಟಿವಿಯಲ್ಲಿ ಚಿತ್ರ ಬರಲೇ ಇಲ್ಲ. ಗೆರೆ ಇಳಿಸಿದ ಮೇಲೆ ಬಂತು. ಅಮ್ಮ ಐದು ನಿಮಿಷ ನೋಡಿ, “ಇದಕ್ಕೂ ಸಂಬಳ ಕೊಡ್ತಾರಾ?” ಎಂದು ಎದ್ದು ಹೋಗಿದ್ದಳು. ಸೋಮವಾರ ಡಬ್ಬ ಆಫೀಸಿಗೆ ವಾಪಸು ಬಂತು, ಮಂಗಳವಾರ ಈ ಆಟ ಬಂತು. ಆಮೇಲೆ ಬೇರೆ ಯಾವ ಆಟವೂ ಬಂದಿರಲಿಲ್ಲ.

ಎಣಿಕೆ ಎಳ್ಳಷ್ಟೂ ತಪ್ಪಿರಲಿಲ್ಲ. ಗೆರೆ ಇಳಿಸಿದ್ದು ಆಟ ಅಲ್ಲ, ಅವಳೇ. ಬಡಪಾಯಿ ಗೆದ್ದ ಖುಷಿಯಲ್ಲಿ, ಅದು ಹೇಗಪ್ಪಾ ಗೆದ್ದಿತು ಎಂದು ಒಂದು ಗಳಿಗೆಯಾದರೂ ಅನುಮಾನ ಪಡಬೇಕಿತ್ತು. ಪಟ್ಟಿರಲಿಲ್ಲ. ಅವಳಿಗೆ ಗೆಲುವು ಬೇಕಿತ್ತು, ಸಿಕ್ಕಿತು, ಬಾಚಿಕೊಂಡಳು.

“ನಂದೇ,” ಎಂದಳು. “ಮನೆಗೆ ತಗೊಂಡು ಹೋಗಿದ್ದೆ. ಅಮ್ಮನಿಗೆ ತೋರ್ಸೋಕೆ.”

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. “ಎರಡು ವರ್ಷ ಮೇಡಂ,” ಎಂದ. “ಎರಡು ವರ್ಷ ಅದನ್ನೇ ಮಾಡ್ತಿದ್ದೆ. ನನ್ ಹೆಂಡ್ತಿ ನಿಮ್ದೇನು ತೋಟಗಾರಿಕೆನಾ ಅಂತ ಆಡ್ಕೊಳ್ತಿದ್ಲು.” ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ.

ಫ್ರೇಮಕ್ಕ ಸೆಟ್ಟಿಂಗ್ ಸರಿಮಾಡಿ, ಚಿತ್ರ ಚೂಪಾದದ್ದು ನೋಡಿ, ನೇರ ಸಂಪಾದಕನ ಕೋಣೆಗೆ ಹೋದಳು. ಅವನು ತಲೆಬರಹಗಳ ಮನುಷ್ಯ. ಆಟ ಆಡುತ್ತಿರಲಿಲ್ಲ, ವಿಡಿಯೋ ಪೂರ್ತಿ ನೋಡುತ್ತಲೂ ಇರಲಿಲ್ಲ. “ಸಾರ್, ಕಪ್ಪು ಡಬ್ಬದ ತೀರ್ಪು ತಪ್ಪು. ಸೆಟ್ಟಿಂಗ್ ನಾನೇ ಕೆಡಿಸಿದ್ದೆ,” ಎಂದಳು.

“ಈಗ ಸರಿ ಇದೆಯಾ?”

“ಈಗ ಸರಿ ಮಾಡಿದೆ. ಚೂಪಾಗಿದೆ. ಆದ್ರೆ...”

“ಆದ್ರೆ ಗೀದ್ರೆ ಏನೂ ಇಲ್ಲ. ಪ್ಯಾಚ್ ಬಂತು, ಮಸುಕು ಹೋಯ್ತು. ಹಾಗಂತ ಬರಿ. ನಮ್ಮಿಂದ ಅವರು ಸರಿಪಡಿಸಿಕೊಂಡ್ರು ಅಂತಾಗುತ್ತೆ. ಅವರಿಗೂ ಒಳ್ಳೇದು, ನಮಗೂ ಒಳ್ಳೇದು.”

“ಅವರು ಏನೂ ಸರಿಪಡಿಸಿಲ್ಲ ಸಾರ್, ಹಾಳು ಮಾಡ್ಕೊಂಡಿದ್ದಾರೆ. ನನ್ನ ಮಾತು ಕೇಳಿ...”

“ಐದು ಗಂಟೆಗೆ ವಿಡಿಯೋ ಬೇಕು,” ಎಂದು ಅವನು ಫೋನಿಗೆ ಕೈ ಹಾಕಿದ. ಮಾತು ಮುಗಿಯಿತು ಎಂಬುದಕ್ಕೆ ಅವನ ಗುರುತು ಅದು.

ವಾಪಸು ಬಂದಾಗ ಹುಲ್ಲಿನವನೂ ಫೋನಿನಲ್ಲಿದ್ದ. ಅವಳನ್ನು ಕಂಡು ಸ್ಪೀಕರ್ ಒತ್ತಿದ. ಅವನ ಬಾಸಿನ ದನಿ ದಣಿದಿತ್ತು, ಕೆಟ್ಟದಾಗೇನೂ ಇರಲಿಲ್ಲ. “ಅವರು ತಪ್ಪು ಒಪ್ಕೊಂಡಿದ್ದು ದೊಡ್ಡತನ ಕಣಪ್ಪಾ. ಆದ್ರೆ ಹುಲ್ಲು ವಾಪಸ್ ಹಾಕೋ ಮಾತು ಬಿಡು. ಇವತ್ತು ಸಂಜೆಗೆ ಈ ಆಟದ ಕೆಲಸ ಬಂದ್, ನಾಳೆಯಿಂದ ಎಲ್ಲರೂ ಹೊಸ ಆಟಕ್ಕೆ. ಬೆಳಗ್ಗೆಯಿಂದ ಸಾವಿರಾರು ಜನ ಪ್ಯಾಚ್ ಹಾಕ್ಕೊಂಡು ಆಡ್ತಿದ್ದಾರೆ. ಹುಲ್ಲು ಎಲ್ಲಿ ಹೋಯ್ತು ಅಂತ ಒಬ್ಬರಾದ್ರೂ ಕೇಳಿದ್ರಾ?”

“ಇಲ್ಲ ಸಾರ್.”

“ಒಬ್ಬರು ಕೇಳಲಿ, ಹಾಕೋಣ. ಯಾರಿಗೂ ಬೇಡದ್ದನ್ನ ನಾನು ಯಾರಿಗೆ ಅಂತ ಹಾಕ್ಲಿ?”

ಫೋನ್ ಇಟ್ಟ ಮೇಲೆ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಬಾಸಿನ ಮೇಲೆ, ಸಂಪಾದಕನ ಮೇಲೆ, ಮುಕ್ಕಾಲು ಗುಡ್ಡ ಬೋಳಾದರೂ ಗೊತ್ತಾಗದ ಸಾವಿರಾರು ಜನರ ಮೇಲೆ. ಒಂಬತ್ತು ವರ್ಷದಿಂದ ಆ ಜನಕ್ಕೆ ನೋಡುವುದನ್ನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದಳು. ಕಲಿಸಿದ್ದು ಜಗಳವನ್ನು. ಇಷ್ಟಾಗಿ, ಅವರನ್ನು ಬೈಯಲು ತನಗೇನು ಯೋಗ್ಯತೆ? ಇದೇ ಗುಡ್ಡವನ್ನು ಎಷ್ಟು ಸಲ ಹತ್ತಿದ್ದಳೋ ಲೆಕ್ಕವಿಲ್ಲ, ಹುಲ್ಲು ಹೇಗಿದೆ ಎಂದು ಒಂದು ಸಲವೂ ನೋಡಿರಲಿಲ್ಲ.

“ಹಳೇದು ತೋರಿಸ್ತೀರಾ?” ಎಂದು ಕೇಳಿದಳು.

ಡಬ್ಬದಿಂದ ಇಂಟರ್ನೆಟ್ ವೈರು ಕಿತ್ತಳು. ಆಟವನ್ನು ಪೂರ್ತಿ ಅಳಿಸಿ, ಪ್ಯಾಚ್ ಇಲ್ಲದೆ ಡಿಸ್ಕಿನಿಂದ ಮತ್ತೆ ಹಾಕಿದಳು. ಅರ್ಧ ಗಂಟೆ ಹಿಡಿಯಿತು. ಗೋಡೆಯ ಮೇಲಿನ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, ಒಂದೊಂದಕ್ಕೂ ಅವನಿಂದ ಹೂಂ ಅನ್ನಿಸಿಕೊಂಡಳು.

ಗುಡ್ಡ ತೆರೆದುಕೊಂಡಿತು. ಸೊಂಟದೆತ್ತರದ ಹುಲ್ಲು. ಆಟದ ಹೆಂಗಸು ಓಡಿದಳು, ಹುಲ್ಲು ಅಕ್ಕಪಕ್ಕ ಬಾಗಿ ದಾರಿ ಬಿಟ್ಟಿತು. “ನಿಲ್ಲಿಸಿ,” ಎಂದ ಹುಲ್ಲಿನವನು. “ಈಗ ಹಿಂದೆ ತಿರುಗಿ.” ಅವಳು ತಿರುಗಿಸಿದಳು. ಓಡಿಬಂದ ಜಾಡು ಹಾಗೇ ಬಿದ್ದಿತ್ತು. ನೋಡುನೋಡುತ್ತಿದ್ದಂತೆ ಒಂದೊಂದು ಎಸಳೂ ತನ್ನ ಪಾಡಿಗೆ, ಅವಸರವಿಲ್ಲದೆ, ಎದ್ದು ನಿಂತಿತು.

“ಕುದುರೆ ಈ ಕಡೆ ಹೋಗಿದ್ರೆ ಹುಲ್ಲಿನಲ್ಲಿ ಗೊತ್ತಾಗ್ಬೇಕು ಅಂತ ಮಾಡಿದ್ದು,” ಎಂದ ಅವನು. “ಈಗ ಪ್ಯಾಚಿನಲ್ಲಿ ಜಾಡೇ ಇಲ್ಲ. ಕುದುರೆ ಎಲ್ಲಿದೆ ಅಂತ ಬಾಣದ ಗುರುತು ಹಾಕಿದ್ದೀವಿ.”

ಕೆಲಸದ ಹೊತ್ತಿನಲ್ಲಿ ಫ್ರೇಮಕ್ಕ ಅತ್ತವಳಲ್ಲ. ಅವತ್ತೂ ಅಳಲಿಲ್ಲ, ಮೂಗು ಮಾತ್ರ ಒರೆಸಿಕೊಂಡಳು. “ಕೂತ್ಕೊಳ್ಳಿ,” ಎಂದಳು. “ನನಗೆ ಬರೋದು ಒಂದೇ ಕೆಲಸ. ಅದನ್ನೇ ಮಾಡೋಣ.”

ನಾಲ್ಕೂವರೆಗೆ ವಿಡಿಯೋ ಸಿದ್ಧವಾಯಿತು. ಪರದೆ ಎರಡು ಭಾಗ, ಎರಡರಲ್ಲೂ ಅದೇ ಗುಡ್ಡ, ಅದೇ ಸೇತುವೆ, ಅದೇ ಬಂಡೆ. ಈ ಸಲ ಬಿಳಿ ಡಬ್ಬವೂ ಇಲ್ಲ, ಬಡಪಾಯಿಯೂ ಇಲ್ಲ, ಎರಡೂ ಕಡೆ ಕಪ್ಪು ಡಬ್ಬವೇ. ಅವಳು ಸುತ್ತಿಬಳಸದೆ ಹೇಳಿದಳು: “ಎಡಗಡೆಯದು ನಾನು ತಪ್ಪು ಮಾಡುವ ಮೊದಲಿನದು. ಬಲಗಡೆಯದು ಆಮೇಲಿನದು. ಈ ಆಟ ಮಸುಕಾಗಿರಲಿಲ್ಲ, ನನ್ನ ಸೆಟ್ಟಿಂಗ್ ತಪ್ಪಾಗಿತ್ತು. ಅಗ್ಗದ ಪಿಸಿ ಕಪ್ಪು ಡಬ್ಬವನ್ನು ಸೋಲಿಸಲೂ ಇಲ್ಲ. ಆ ಸುದ್ದಿ ಕೇಳಿ ಖುಷಿಪಟ್ಟವರಲ್ಲಿ ಕ್ಷಮೆ ಕೇಳುತ್ತೇನೆ.” ಹುಲ್ಲಿನ ಮಾತನ್ನು ಬೇಕೆಂದೇ ಎತ್ತಲಿಲ್ಲ, ನೋಡಿದವರೇ ಕೇಳಲಿ ಎಂದು. ‘ನಾನು ತಪ್ಪು ಹೇಳಿದ್ದೆ’ ಎಂಬ ತಲೆಬರಹ ಕೊಟ್ಟು, ಸಂಪಾದಕನನ್ನು ಕೇಳದೆ ಏರಿಸಿಬಿಟ್ಟಳು.

ಎರಡೇ ನಿಮಿಷದಲ್ಲಿ ಉತ್ತರಗಳು ಸುರಿದವು. ಕಪ್ಪು ಡಬ್ಬದವರಿಂದ ಎಷ್ಟು ತಿಂದೆ ಎಂದು ಒಬ್ಬ. ಮೊದಲೇ ಹೇಳಿರಲಿಲ್ಲವಾ ಎಂದು ಇನ್ನೊಬ್ಬ. ಏನೇ ಆದರೂ ಬಿಳಿ ಡಬ್ಬವೇ ಮೇಲು ಎಂದು ಮತ್ತೊಬ್ಬ, ಅವನ ಬೆನ್ನಿಗೇ ಅವನನ್ನು ಬೈಯುವ ಹತ್ತು ಜನ. ಬಡಪಾಯಿಯ ಅಭಿಮಾನಿಯೊಬ್ಬ, ‘ಅಕ್ಕ, ನೀವೂನಾ?’ ಎಂದಷ್ಟೇ ಬರೆದಿದ್ದ. ಅದು ಎಲ್ಲಕ್ಕಿಂತ ಚುಚ್ಚಿತು. ಮೂವತ್ತು ಆಯಿತು, ನಲವತ್ತು ಆಯಿತು. ಹುಲ್ಲಿನ ಬಗ್ಗೆ ಒಬ್ಬನೇ ಒಬ್ಬ ಚಕಾರ ಎತ್ತಲಿಲ್ಲ.

“ಕಣ್ಣಿನ ಬದಲು ಇವರಿಗೆ ಏನಿದೆ?” ಎಂದು ಫ್ರೇಮಕ್ಕ ಕೂಗಿದಳು. “ಪಕ್ಕಪಕ್ಕದಲ್ಲೇ ಇಟ್ಟಿದ್ದೀನಲ್ರೀ!”

ಹುಲ್ಲಿನವನ ಫೋನು ಬಡಿದುಕೊಂಡಿತು. ಬಾಸೇ. ವಿಡಿಯೋ ನೋಡಿದೆ, ಚೆನ್ನಾಗಿದೆ, ಆದರೆ ನಲವತ್ತು ಜನ ಏನು ಬರೆದಿದ್ದಾರೆ ನೀನೇ ಓದು ಎಂದು ಅವನು ಹೇಳುವುದು ಅವಳಿಗೂ ಕೇಳಿಸಿತು. ಹುಲ್ಲಿನವನು ಫೋನನ್ನು ಕಿವಿಗೆ ಒತ್ತಿಕೊಂಡು, ಹೂಂ, ಹೂಂ ಸಾರ್ ಎನ್ನುತ್ತ ಹೊರಡಲು ಚೀಲಕ್ಕೆ ಕೈ ಹಾಕಿದ.

ಆಗಲೇ ಬಾಗಿಲು ಧಡಾರನೆ ತೆರೆಯಿತು. ಸಂಪಾದಕ ಕೆಂಡವಾಗಿದ್ದ. “ಯಾರನ್ನ ಕೇಳಿ ಹಾಕಿದೆ? ತಲೆಬರಹ ನೋಡಿ ನನ್ನ ಜೀವ ಹೋಯ್ತು! ನಾನು ಬರಿ ಅಂದಿದ್ದೇನು, ನೀನು...” ಎನ್ನುತ್ತ ಅವಳ ಕಡೆ ಎರಡು ಹೆಜ್ಜೆ ಇಟ್ಟವನು, ಗೋಡೆಯ ದೊಡ್ಡ ಪರದೆಯ ಮುಂದೆ ಬಂದು ನಿಂತ. ಅಲ್ಲಿ ವಿಡಿಯೋ ತನ್ನಷ್ಟಕ್ಕೆ ಮತ್ತೆ ಮೊದಲಿನಿಂದ ಓಡುತ್ತಿತ್ತು. ಎಡಗಡೆ ಹೆಂಗಸು ಓಡಿದಳು, ಹುಲ್ಲು ಬಾಗಿತು, ಎದ್ದಿತು. ಬಲಗಡೆ ಹೆಂಗಸು ಬೋಳು ಗುಡ್ಡದಲ್ಲಿ ಬಾಣದ ಗುರುತಿನ ಹಿಂದೆ ಓಡಿದಳು. ಅವನು ಇಷ್ಟು ಹೊತ್ತು ಒಂದು ವಿಡಿಯೋ ನೋಡಿದ್ದು ಅವಳ ನೆನಪಿನಲ್ಲೇ ಇರಲಿಲ್ಲ.

“ಈ ಎಡಗಡೇದು ಯಾವುದು, ಬಿಳಿ ಡಬ್ಬನಾ?” ಎಂದ.

“ಎರಡೂ ಕಪ್ಪು ಡಬ್ಬಾನೇ ಸಾರ್. ನಿನ್ನೇದು, ಇವತ್ತಿಂದು.”

“ಒಂದೇ ಡಬ್ಬ, ಒಂದೇ ಆಟ?” ಸಂಪಾದಕ ಪರದೆಯ ಹತ್ತಿರ ಹೋಗಿ ಬಲಗಡೆಗೆ ಬೆರಳು ಮಾಡಿದ. “ಮತ್ತೆ ಇಲ್ಲಿದ್ದ ಹುಲ್ಲೆಲ್ಲಾ ಎಲ್ಲಿ ಹೋಯ್ತು?”

ಹುಲ್ಲಿನವನು ಚೀಲವನ್ನು ಅಲ್ಲೇ ಬಿಟ್ಟು ಮೂರೇ ದಾಪುಗಾಲಿಗೆ ಬಂದು, ಬಾಸು ಇನ್ನೂ ಮಾತಾಡುತ್ತಿದ್ದ ಫೋನನ್ನು ಸಂಪಾದಕನ ಬಾಯಿಯ ಹತ್ತಿರ ಹಿಡಿದ.

“ಇನ್ನೊಂದ್ಸಲ ಕೇಳಿ ಸಾರ್,” ಎಂದ. “ಸ್ವಲ್ಪ ಜೋರಾಗಿ.”