ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ: ಒಂದು ಕಲಿಯುವವರಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವನಿಗೆ. ಕಲಿಸುವ ಈ ಅಣ್ಣ ಮಹಾ ಸಿಡುಕ. ಬೇರೆಯವರು ತಪ್ಪಿದರೆ ಕೂಗಾಡಿ ಬೀದಿ ಒಂದು ಮಾಡುತ್ತಿದ್ದ. ಸ್ವಂತ ತಂಗಿಯ ವಿಷಯದಲ್ಲಿ ಮಾತ್ರ ಬೆಣ್ಣೆ. ಅವಳು ಬ್ರೇಕ್ ಒತ್ತುವುದು ತಡವಾದಾಗಲೆಲ್ಲ ಬಾಯಿ ಮುಚ್ಚಿಕೊಂಡು ತಾನೇ ಮೆಲ್ಲಗೆ ಒತ್ತಿಬಿಡುತ್ತಿದ್ದ. ಮೊದಲೇ ಪುಕ್ಕಲಿ, ಹೆದರಿ ಕಲಿಯೋದನ್ನೇ ಬಿಟ್ಟುಬಿಟ್ಟಾಳು ಅಂತ. ಪರೀಕ್ಷೆಯ ದಿನವೂ ಪಕ್ಕದಲ್ಲಿ ಕೂತು ಒತ್ತಿದವನು ಇವನೇ. "ನಮ್ಮ ಪುಟ್ಟಿ ಬ್ರೇಕ್ ಹಾಕಿದ್ರೆ ಲೋಟದ ನೀರೂ ಅಲುಗಲ್ಲ" ಎಂದು ಡಂಗುರ ಸಾರಿದವನೂ ಇವನೇ. ಬುದ್ಧಿಗೇಡಿ!

ಲೈಸೆನ್ಸ್ ಕೈಗೆ ಬಂದ ವಾರವೇ ತಂಗಿ ತನ್ನ ಗಂಡನ ಕಾರು ತೆಗೆದು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ತಿರುವಿನಲ್ಲಿ ನಿಂತಿದ್ದ ಲಾರಿಗೆ ಗುದ್ದಿದಳು. ಅಮ್ಮ ಉಳಿಯಲಿಲ್ಲ.

ಅಂದಿನಿಂದ ತಂಗಿಗೆ ಊಟ ಸೇರುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳದು ಒಂದೇ ಮಾತು: "ಅಮ್ಮನ್ನ ನಾನೇ ಕೊಂದೆ." ಕೇಳಿದಾಗಲೆಲ್ಲ ಅಣ್ಣ ಬಾಗಿಲವರೆಗೆ ಬಂದು ಹಿಂತಿರುಗುತ್ತಿದ್ದ. ಬ್ರೇಕಿನ ಗುಟ್ಟು ಹೇಳಿದರೆ ಅವಳು ಮತ್ತೆ ತನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ಅವಳೇ ಉಳಿಯಲಿಕ್ಕಿಲ್ಲ. ಒಂದು ಬೆಳಿಗ್ಗೆ ಮಂಚದ ಪಕ್ಕ ಕುಸಿದು ಕೂತು ಎಲ್ಲ ಹೇಳಿಬಿಟ್ಟ.

ಅವಳು ನಂಬಲಿಲ್ಲ. "ಚಿಕ್ಕಂದಿನಿಂದ ನನ್ನ ತಪ್ಪನ್ನೆಲ್ಲ ನಿನ್ನ ತಲೆ ಮೇಲೆ ಹಾಕ್ಕೊಂಡಿದೀಯ. ಇದನ್ನೂ ಹಾಕ್ಕೋಬೇಡ ಅಣ್ಣ."

ಹೆಚ್ಚುಕಮ್ಮಿ ಎಳೆದುಕೊಂಡೇ ಅವಳನ್ನು ಕಲಿಕೆಯ ಮೈದಾನಕ್ಕೆ ಕರೆದೊಯ್ದ. ಸ್ಕೂಲಿನ ಕಾರಿನಲ್ಲಿ ಸ್ಟೇರಿಂಗ್ ಮುಂದೆ ಕೂರಿಸಿದ.

"ನಿನ್ನ ಕಾಲಿಗೆ ಬೀಳ್ತೀನಿ ಪುಟ್ಟಿ, ಒಂದೇ ಸಲ. ಆ ಹಳೇ ಟೈರ್ ರಾಶಿ ಹತ್ರ ನಿಲ್ಸು."

ತಾನು ಪಕ್ಕದಲ್ಲಿ ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಕೂತ.

ಕಾರು ಆಮೆಯಂತೆ ಹೊರಟಿತು. ಅವಳು ಎಂದಿನ ಹಾಗೆ, ರಾಶಿ ತೀರಾ ಹತ್ತಿರ ಬಂದ ಮೇಲೆ ಬ್ರೇಕ್ ಒತ್ತಿದಳು. ಕಾರು ಎಂದಿನ ಹಾಗೆ ನಿಲ್ಲಲಿಲ್ಲ. ರಾಶಿಗೆ ಹೋಗಿ ಬಡಿಯಿತು, ಮೇಲಿನ ಟೈರೊಂದು ಉರುಳಿ ಬಾನೆಟ್ಟಿನ ಮೇಲೆ ಬಿತ್ತು.

ತಂಗಿ ಅವನ ಮಡಚಿದ ಕಾಲುಗಳನ್ನೇ ನೋಡುತ್ತ ಕೂತಳು.

"ಈಗ ನಂಬಿದ್ಯಾ? ಬಯ್ಯಿ, ಹೊಡಿ, ಏನು ಬೇಕಾದ್ರೂ ಮಾಡು. ನೀನು ಕೊಂದಿಲ್ಲ ಕಣೇ. ಒಂದು ತುತ್ತು ಊಟ ಮಾಡು" ಎಂದು ಅವನು ಅಂಗಲಾಚಿದ.

"ಗುದ್ದೋಕೆ ಮುಂಚೆ ಅಮ್ಮ ಕಾಲಲ್ಲಿ ಒತ್ತುತಾನೇ ಇದ್ಲು ಅಣ್ಣ" ಎಂದಳು ತಂಗಿ. "ಅವಳ ಕಾಲ ಕೆಳಗೆ ಏನೂ ಇರ್ಲಿಲ್ಲ."

ಅಣ್ಣನ ಕಾಲು ತಾನಾಗಿ ಕೆಳಗಿಳಿದು ತನ್ನ ಬ್ರೇಕನ್ನು ಹುಡುಕಿತು. ನಿಂತೇ ಇದ್ದ ಕಾರಿನಲ್ಲಿ ಅದನ್ನು ಬಲವಾಗಿ ಒತ್ತಿ ಹಿಡಿದು ಅವನು ಗೊಳೋ ಎಂದು ಅತ್ತ.