ಬೆಣೆಯ ಮೇಲಿನ ಹಳದಿ ಗೆರೆ

ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಹೆಂಡತಿ ನಗುತ್ತ ಹೇಳಿದಳು: "ನಿನ್ನೆ ಸಂಜೆ ಬೀಗದ ಕೈ ಮರೆತು ಹೋಗಿದ್ದೆ. ಐದು ನಿಮಿಷ ಬೆಲ್ ಒತ್ತಿದೀನಿ. ಅಪ್ಪ ಬಾಗಿಲಿಗೆ ಬೆನ್ನು ಹಾಕ್ಕೊಂಡು ಪದಬಂಧ ತುಂಬ್ತಾ ಇದ್ರು. ಕೊನೆಗೆ ಕಿಟಕಿ ಮುಂದೆ ನಿಂತು ಕೈ ಬೀಸಿದ್ಮೇಲೆ ಎದ್ದು ಬಂದ್ರು."

"ಪದಬಂಧದಲ್ಲಿ ಮುಳುಗಿದ್ರೇನೋ."

"ಅಷ್ಟು ಆಳ ಇಲ್ಲ ಬಿಡಿ ಆ ಪದಬಂಧ," ಎಂದು ಅವಳು ಒಳಗೆ ಹೋದಳು.

ನಾನೂ ನಕ್ಕೆ. ಬಲಗಾಲಿನ ಲೇಸು ಮುಗಿಸಿ ಎಡಗಾಲಿಗೆ ಬರುವಷ್ಟರಲ್ಲಿ ಕೈ ನಿಂತಿತು. ನಮ್ಮ ಮನೆಯ ಬೆಲ್ಲಿನದು ತೆಳ್ಳಗಿನ, ಚೂಪು ಸದ್ದು. ಸೈಟಿನ ಸಾರುವೆಯಲ್ಲಿ ಬಿಗಿಯಾಗಿ ಕೂತ ಬೆಣೆಗೆ ಸುತ್ತಿಗೆ ತಾಗಿಸಿದರೆ ಬರುವುದೂ ಅದೇ ಜಾತಿಯ ಸದ್ದು.

ಮಾವ ಆಗಲೇ ಮೊದಲ ಬಸ್ಸಿಗೆ ಹೊರಟು ಹೋಗಿದ್ದರು. ನಾವಿಬ್ಬರೂ ಕೆಲಸ ಮಾಡುವುದು ಒಂದೇ ಕಡೆ, ಇನ್ನೂ ಕಟ್ಟುತ್ತಿರುವ ಐದು ಮಹಡಿಯ ಒಂದು ಶಾಲಾ ಕಟ್ಟಡದಲ್ಲಿ. ಅವರು ಗೋಡೆಯ ಹೊರಗೆ ನಿಂತು ಕೆಲಸ ಮಾಡಲು ಅಟ್ಟಣೆ ಕಟ್ಟಿಸುವ ಸಾರುವೆ ಮೇಸ್ತ್ರಿ. ನಾನು ಸೇಫ್ಟಿ ಆಫೀಸರ್. ಸೈಟಿನಲ್ಲಿ ಅವರು ನನ್ನನ್ನು 'ಸರ್' ಎನ್ನುತ್ತಾರೆ. ಆ 'ಸರ್'ನಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂಬುದನ್ನು ಆರು ವರ್ಷದಲ್ಲಿ ನಾನಿನ್ನೂ ಅಳೆದು ಮುಗಿಸಿಲ್ಲ.

ಮರದ ಕಂಬಕ್ಕೆ ಹಗ್ಗ ಬಿಗಿದು ಸಾರುವೆ ಕಟ್ಟುವುದರಲ್ಲಿ ಮಾವ ಮೂವತ್ತು ವರ್ಷ ಕಳೆದವರು. ಈಗಿನದು ಉಕ್ಕಿನ ಬಿಡಿ ಭಾಗಗಳನ್ನು ಜೋಡಿಸುವ ಸಾರುವೆ. ಪ್ರತಿ ನಿಲುಗಂಬಕ್ಕೂ ಅರ್ಧ ಮೀಟರಿಗೊಂದರಂತೆ ಎಂಟು ತೂತಿನ ಬಿಲ್ಲೆ ಬೆಸೆದಿರುತ್ತದೆ. ಅಡ್ಡ ಪೈಪಿನ ತುದಿಯ ಬಾಯನ್ನು ಬಿಲ್ಲೆಗೆ ಕಚ್ಚಿಸಿ, ತೂತಿನೊಳಗೆ ಬೆಣೆ ಇಳಿಸಿ, ಸುತ್ತಿಗೆಯಿಂದ ಹೊಡೆದರೆ ಮುಗಿಯಿತು. ಹಗ್ಗವಿಲ್ಲ, ಬೋಲ್ಟಿಲ್ಲ. ತೊಂದರೆ ಇರುವುದು ಒಂದೇ ಕಡೆ: ಹೊಡೆದು ಕೂರಿಸಿದ ಬೆಣೆಯೂ ಸುಮ್ಮನೆ ಇಳಿಬಿಟ್ಟ ಬೆಣೆಯೂ ನೋಡುವುದಕ್ಕೆ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ನಮ್ಮ ಸೈಟಿನಲ್ಲಿ ಎಲ್ಲರೂ ಕಿವಿಯನ್ನೇ ನಂಬುತ್ತಿದ್ದೆವು. ಸುತ್ತಿಗೆ ತಾಗಿಸಿದಾಗ 'ದಬ್' ಎಂದರೆ ಸಡಿಲ, 'ಠಣ್' ಎಂದರೆ ಬಿಗಿ.

ಎಲ್ಲ ಬೆಣೆಗಳನ್ನೂ ನೋಡಿ 'ಆಯ್ತು' ಎನ್ನುವುದು ಮಾವನ ಕೆಲಸ. ಹತ್ತಕ್ಕೆ ಒಂದನ್ನು ತಟ್ಟಿ ನೋಡಿ, ಏಣಿಯ ಬುಡದ ಕೆಂಪು ಚೀಟಿ ತೆಗೆದು ಹಸಿರು ಹಾಕುವುದು ನನ್ನದು. ಅಂದು ಮಧ್ಯಾಹ್ನ ಎರಡು ಗಂಟೆಗೆ ಹದಿನೆಂಟು ಜನ ಗಾರೆಯವರು ಮುಂಗೋಡೆಯ ಸಾರುವೆ ಹತ್ತಬೇಕಿತ್ತು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಜೀವನವಿಡೀ ಸುತ್ತಿಗೆ ಹಿಡಿದವರಿಗೆ ಮೊದಲು ಹೋಗುವುದು ಚೂಪು ಸದ್ದು. ದಪ್ಪ ದನಿ ಆಮೇಲೂ ಬಹಳ ಕಾಲ ಕೇಳುತ್ತದೆ. ಅದಕ್ಕೇ ಮನೆಯಲ್ಲಿ ಎದುರು ಕೂತು ಮಾತಾಡುವ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಸಾವಿರ ಬೆಣೆಗಳಲ್ಲಿ ಹತ್ತಿಪ್ಪತ್ತು ಸಡಿಲವಿದ್ದರೆ ನನ್ನ ಹತ್ತಕ್ಕೊಂದರ ಪರೀಕ್ಷೆಗೆ ಎಷ್ಟು ಸಿಕ್ಕಾವು? ಒಂದೋ ಎರಡೋ. ಸಿಗದೆಯೂ ಇರಬಹುದು.

ಸೈಟಿನಲ್ಲಿ ಮಾವ ಮಿಕ್ಕ ಹಲಗೆಗಳನ್ನು ಎಣಿಸುತ್ತ ನಿಂತಿದ್ದರು. ಮೂರು ಹೆಜ್ಜೆ ಹಿಂದೆ ನಿಂತು "ಮಾವ" ಎಂದೆ. ಎಣಿಕೆ ಮುಂದುವರಿಯಿತು. "ಮಾವಾ!" ಆಚೆ ವೆಲ್ಡಿಂಗ್ ಮಾಡುತ್ತಿದ್ದವನು ತಿರುಗಿ ನೋಡಿದ. ಮಾವ ತಿರುಗಿದ್ದು ನನ್ನ ನೆರಳು ಹಲಗೆಯ ಮೇಲೆ ಬಿದ್ದಾಗ.

"ಏನ್ ಸರ್, ಇಷ್ಟು ಬೇಗ? ನನ್ ಮಗಳು ಮನೆಯಿಂದ ಓಡಿಸಿದ್ಲಾ?"

"ಸಾರುವೆ ಒಂದ್ಸಲ ಪೂರ್ತಿ ನೋಡ್ತೀನಿ."

"ಪೂರ್ತಿನಾ?" ಅವರ ಹುಬ್ಬು ಮೇಲೇರಿತು. "ನೋಡಿ. ಬೇಡ ಅನ್ನೋಕೆ ನಾನ್ಯಾರು."

ಮರಳಿನ ರಾಶಿಯ ಪಕ್ಕದಲ್ಲಿ ಗಾರೆಯವರ ಮುಂದಾಳು ಕೂತಿದ್ದಳು. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. "ಸೇಫ್ಟಿ ಸಾಹೇಬ್ರೇ, ಕೆಂಪು ಚೀಟಿ ಇನ್ನೂ ಹಾಗೇ ನೇತಾಡ್ತಿದೆ. ಎರಡು ಗಂಟೆಗೆ ಗಾರೆ ಕಲಸೋದಾ, ಇಲ್ಲಾ ಹರಟೆ ಹೊಡ್ಕೊಂಡು ಕೂರೋದಾ?"

"ಹನ್ನೆರಡಕ್ಕೆ ಹೇಳ್ತೀನಿ ಅಕ್ಕ."

"ಅಂದ್ರೆ ಹರಟೇನೇ," ಎಂದಳು ಅವಳು ತನ್ನ ಜನಕ್ಕೆ.

ಈ ಸಲ ಕಿವಿಯನ್ನು ನಂಬಬಾರದು ಎಂದುಕೊಂಡೆ. ಬೆಣೆಯ ಮೇಲೆ ಕಣ್ಣಿಟ್ಟು ಹೊಡೆಯಬೇಕು. ಇಳಿದರೆ ಸಡಿಲ, ಇಳಿಯದಿದ್ದರೆ ಬಿಗಿ. ಮೊದಲ ಹಂತದ ಬೆಣೆಗಳೆಲ್ಲ ಮುಗಿದವು. ಒಂದೂ ಕೂದಲೆಳೆಯಷ್ಟು ಇಳಿಯಲಿಲ್ಲ. ಎರಡನೆಯ ಹಂತದಲ್ಲೂ ಅಷ್ಟೇ. ಉಸಿರು ಸ್ವಲ್ಪ ಹಗುರಾದಾಗ ಕಣ್ಣಿಗೆ ಬೇರೇನೋ ಬಿತ್ತು. ಪ್ರತಿ ಬೆಣೆಯ ಮೇಲಿಂದ ಪೈಪಿನ ಬಾಯಿಯವರೆಗೆ ಹಳದಿ ಮೇಣದ ಬಳಪದಿಂದ ಎಳೆದ ಚಿಕ್ಕ ಗೆರೆ. ಎಷ್ಟೋ ಸಲ ನೋಡಿದ್ದೆ. ಗೋದಾಮಿನವರು ಹಾಕಿದ ಗುರುತು ಎಂದುಕೊಂಡಿದ್ದೆ.

ಮೂರನೆಯ ಹಂತಕ್ಕೆ ಬಂದಾಗ ಏಣಿಯಲ್ಲಿ ಮಾವನ ತಲೆ ಕಾಣಿಸಿತು.

"ಅಳಿಯಂದ್ರೇ, ಮೊದ್ಲು ಎಡಗಾಲಿನ ಲೇಸ್ ಕಟ್ಕೊಳ್ಳಿ. ಆಮೇಲೆ ನನ್ನ ಕೆಲ್ಸದಲ್ಲಿ ಹುಳುಕು ಹುಡುಕಿ."

ಲೇಸು ಬೆಳಗಿನಿಂದ ಹಾಗೇ ಇತ್ತು. ಕೂತು ಕಟ್ಟಿಕೊಂಡೆ. ಸೈಟಿನಲ್ಲಿ ಅವರು 'ಅಳಿಯಂದ್ರೇ' ಎಂದದ್ದು ಅದೇ ಮೊದಲು. ಅವರು ಎದುರಿಗೆ, ನನ್ನ ತುಟಿ ಕಾಣುವಂತೆ ಕೂತರು.

"ಬೆಲ್ ವಿಷ್ಯ ಹೇಳಿದ್ಲಾ?"

"ಹೇಳಿದ್ಲು. ಎಷ್ಟು ದಿನದಿಂದ ಮಾವ?"

"ಒಂದು ವರ್ಷದ ಮೇಲಾಯ್ತು. ಒಂದಿನ ಹೊಡೀತಾ ಇದೀನಿ, ಎಲ್ಲಾ ಬೆಣೆನೂ ದಬ್ ದಬ್ ಅಂತಿವೆ. ಹುಡುಗ್ರನ್ನ ಹಿಡ್ಕೊಂಡು ಬೈದೆ. ಅವ್ರು ಮುಖ ಮುಖ ನೋಡ್ಕೊಂಡ್ರು. ಆಗ ಗೊತ್ತಾಯ್ತು, ಸಡಿಲ ಆಗಿರೋದು ಬೆಣೆ ಅಲ್ಲ, ನನ್ ಕಿವಿ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗೇಟ್ ಹತ್ರ ಒಂದು ಕುರ್ಚಿ ಹಾಕಿ ಕೂರಿಸ್ತಿದ್ರು. ಬಂದ ಲಾರಿ, ಹೋದ ಲಾರಿ ಬರ್ಕೊಂಡು ಕೂರೋ ವಯಸ್ಸಾ ನಂದು?" ಜೇಬಿನಿಂದ ಹಳದಿ ಬಳಪದ ತುಂಡು ತೆಗೆದರು. "ಅವತ್ತಿಂದ ಇದು. ಹೊಡೆದು ಕೂರಿಸಿದ್ಮೇಲೆ ಬೆಣೆಗೂ ಬಾಯಿಗೂ ಸೇರಿಸಿ ಒಂದು ಗೆರೆ. ಮತ್ತೆ ಬಂದು ಇನ್ನೊಂದೇಟು. ಗೆರೆ ಮುರಿದ್ರೆ ಬೆಣೆ ಇಳಿದಿದೆ ಅಂತ. ಅಳಿಸಿ, ಹೊಡೆದು, ಹೊಸ ಗೆರೆ. ಮುರೀದೇ ಇರೋವರೆಗೂ ಬಿಡಲ್ಲ."

ಬೆಳಗಿನಿಂದ ನಾನು ಕಣ್ಣಲ್ಲಿ ಅಂದಾಜು ಮಾಡುತ್ತಿದ್ದುದನ್ನು ಅವರು ಒಂದು ವರ್ಷದಿಂದ ಗುರುತು ಹಾಕಿ ಅಳೆಯುತ್ತಿದ್ದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮಗೆ ಮೊದಲ ವಾರ ಹೇಳಿಕೊಟ್ಟ ಪಾಠ ಅದು. ಎದೆಯ ಮೇಲಿಂದ ಸಿಮೆಂಟು ಮೂಟೆ ಇಳಿಸಿದಂತಾಗಿತ್ತು.

"ಹಾಗಾದ್ರೆ ಮುಗೀತಲ್ಲ, ಇಳೀರಿ," ಎಂದರು ಮಾವ.

"ಪೂರ್ತಿ ನೋಡ್ತೀನಿ ಅಂದಿದ್ದೆ. ಪೂರ್ತಿ ನೋಡ್ತೀನಿ."

ಇಬ್ಬರೂ ಸೇರಿ ನೋಡುತ್ತ ಹೋದೆವು. ಗೆರೆಗಳೆಲ್ಲ ನೆಟ್ಟಗಿದ್ದವು. ನಾಲ್ಕನೆಯ ಹಂತದ ಪೂರ್ವದ ಮೂಲೆಗೆ ಬಂದಾಗ ಗೆರೆಗಳು ನಿಂತುಹೋದವು. ಕಂಬದಿಂದ ಕಂಬಕ್ಕೆ ನಾಲ್ಕು ಅಂಕಣಗಳಲ್ಲಿ ಒಂದು ಬೆಣೆಗೂ ಹಳದಿ ಇಲ್ಲ.

"ಇದ್ಯಾರು ನೋಡಿದ್ದು?" ಎಂದರು ಮಾವ.

"ನಾನೇ," ಎಂದೆ. ಹಿಂದಿನ ವಾರ ಮಾವ ಜ್ವರ ಬಂದು ಮೂರು ದಿನ ಮಲಗಿದ್ದಾಗ ಈ ಮೂಲೆಯನ್ನು ಒಂದೂ ಬಿಡದೆ ತಟ್ಟಿ, ಕೇಳಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿದವನು ನಾನು. ಕೆಳಗೆ ಆಗ ಕಾಂಕ್ರೀಟ್ ಮಿಕ್ಸರ್ ಗರಗರ ಅನ್ನುತ್ತಿತ್ತು.

ಹೊಡೆಯುತ್ತ ಬಂದೆ. ಹನ್ನೊಂದನೆಯದು ಅರ್ಧ ಬೆರಳು ಇಳಿಯಿತು. ಕೊನೆಯ ಕಂಬದಲ್ಲಿ ಇನ್ನೊಂದು, ಇನ್ನೂ ಹೆಚ್ಚು. ಅದು ಹೊರಗಿನ ಸಾಲಿನ ಅಡ್ಡ ಪೈಪು. ಗಾರೆಯವರು ಬೆನ್ನು ಒರಗಿಸುವ ಜಾಗ. ನನ್ನ ಮುಂದಿನ ಏಟು ಬೆಣೆ ತಪ್ಪಿ ಕಂಬಕ್ಕೆ ಬಿತ್ತು.

ಮಾವ ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಸುತ್ತಿಗೆ ಇಸಕೊಂಡು ಎರಡೇಟು ಹಾಕಿ, ಬಳಪವನ್ನು ನನ್ನ ಕೈಗೆ ಕೊಟ್ಟರು. "ಗೆರೆ ಎಳೀರಿ. ನೆಟ್ಟಗೆ."

ಎಳೆದೆ. ಮತ್ತೊಂದೇಟು ಹಾಕಿದರು. ಗೆರೆ ಮುರಿಯಲಿಲ್ಲ.

ಹನ್ನೆರಡೂವರೆಗೆ ಸೈಟ್ ಇಂಜಿನಿಯರ್ ಮೇಡಂ ಮುಂದೆ ಇಬ್ಬರೂ ನಿಂತೆವು. ಕಿವಿ, ಗೆರೆ, ನನ್ನ ಎರಡು ಬೆಣೆ, ಒಂದನ್ನೂ ಮುಚ್ಚಿಡದೆ ಹೇಳಿದೆ. ಮಾವ ಗೇಟಿನ ಕಡೆಯ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ಮೇಡಂ ಬಳಪದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಿವಿ ಕೇಳದೋರ ಬೆಣೆ ಬಿಗಿ, ಕೇಳೋರ ಬೆಣೆ ಸಡಿಲ. ನಾನು ಯಾರನ್ನ ಡಾಕ್ಟರ್ ಹತ್ರ ಕಳಿಸ್ಲಿ?"

"ಮೇಸ್ತ್ರೀನೇ ಕಳಿಸಿ ಮೇಡಂ," ಎಂದೆ. "ನನ್ನದು ಔಷಧಿಗೆ ಬಗ್ಗಲ್ಲ."

ಮೇಡಂ ನಗಲಿಲ್ಲ. ನನ್ನ ಸಹಿಯ ಕೆಳಗೆ ನಡೆದದ್ದನ್ನು ನನ್ನ ಕೈಯಿಂದಲೇ ಬರೆಸಿದರು. ಕ್ರೇನಿನ ಕೂಗು ಕೇಳಿಸಿಕೊಳ್ಳಬೇಕಾದ ಕೆಲಸ ಮೇಸ್ತ್ರಿಗೆ ಇನ್ನು ಬೇಡ ಎಂದರು. ಈ ವಾರವೇ ಕಿವಿ ತೋರಿಸಬೇಕು. ಸಾರುವೆ ಮಾತ್ರ ಅವರ ಕೈಯಲ್ಲೇ ಇರಲಿ, ಇನ್ನು ಮುಂದೆ ಸೈಟಿನ ಪ್ರತಿ ಬೆಣೆಗೂ ಗೆರೆ ಬೀಳಬೇಕು. ಮಾವ ಪೂರ್ತಿ ಕೇಳಿಸಿತೋ ಇಲ್ಲವೋ ಎಂಬಂತೆ ನನ್ನತ್ತ ನೋಡಿದರು. ಕುರ್ಚಿಯ ಕಡೆ ಕೈ ಮಾಡಿ 'ಇಲ್ಲ' ಎಂದು ತಲೆಯಾಡಿಸಿದೆ. ಅವರು ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡರು.

ಎರಡಕ್ಕೆ ಐದು ನಿಮಿಷವಿದ್ದಾಗ ಹಸಿರು ಚೀಟಿ ಸಿಕ್ಕಿಸಿದೆ. ಗಾರೆಯವರು ಒಬ್ಬೊಬ್ಬರಾಗಿ ಹತ್ತಿದರು. ಮಾವ ಎಲ್ಲಾದರೂ ಅದುರುತ್ತದೋ ಎಂದು ಮೂಲೆಯ ನಿಲುಗಂಬಕ್ಕೆ ಅಂಗೈ ಒತ್ತಿ ನಿಂತಿದ್ದರು.

ನಾಲ್ಕನೆಯ ಹಂತದಿಂದ ಅಕ್ಕ ಬಗ್ಗಿ ಕೂಗಿದಳು: "ಮೇಸ್ತ್ರೀ, ಅಲ್ಲಾಡ್ತಿಲ್ಲ ತಾನೇ?"

"ಏನಂತೆ?" ಎಂದರು ಮಾವ.

"ಅಲ್ಲಾಡ್ತಿಲ್ಲ ತಾನೇ ಅಂತ ಕೇಳ್ತಿದಾಳೆ."

"ಮೇಲೆ ನಿಂತಿರೋಳು ಅವಳು. ಅಲ್ಲಾಡಿದ್ರೆ ಮೊದ್ಲು ಗೊತ್ತಾಗೋದು ಅವಳಿಗೆ. ನನ್ನನ್ ಕೇಳ್ತಾಳಲ್ಲ!"

ಅದನ್ನು ನಾನು ಹಾಗೇ ಮೇಲಕ್ಕೆ ಕೂಗಿದೆ. ಅಕ್ಕ ಏನೋ ಬೈದಳು. ಹದಿನೆಂಟು ಜನರೂ ನಕ್ಕರು. ಮಾವನಿಗೆ ಅದು ಕೇಳಿಸಿರಲಾರದು. ಆದರೆ ಕಂಬದ ಮೇಲಿದ್ದ ಕೈಯನ್ನು ಅವರು ನಿಧಾನಕ್ಕೆ ತೆಗೆದರು, ಊಟದ ಡಬ್ಬಿ ಎತ್ತಿಕೊಂಡರು.

"ಬನ್ನಿ ಸರ್," ಎಂದರು. "ನನಗೆ ಬೆಳಗಿನಿಂದ ಹಸಿವು."