ಸ್ಕಾಲರ್‌ಶಿಪ್ಪಿನ ಸಹಿ

"ಸಹಿ ಹಾಕ್ತೀರೋ ಇಲ್ವೋ, ಅಷ್ಟು ಹೇಳಿ ಸಾರ್. ಸುತ್ತಿ ಬಳಸಿ ಮಾತು ಬೇಡ!"

"ಹಾಕಲ್ಲ! ಹಾಕಲ್ಲ ಅಂದ್ರೆ ಹಾಕಲ್ಲ! ಮೇಲಿನವರ ಎದುರಿಗೆ ನಿಂತು ಮೇಜು ಗುದ್ದೋದನ್ನ ಯಾರೇ ಕಲಿಸಿದ್ದು ನಿನಗೆ?"

"ನೀವೇ. ಹದಿಮೂರು ವರ್ಷದಿಂದ ದಿನಾ ನೋಡ್ತಾ ಇದ್ದೀನಲ್ಲ."

ಹೊರಗೆ ಕೂತಿದ್ದ ಗುಮಾಸ್ತೆ ಕಿಸಕ್ಕೆಂದು ನಕ್ಕಿದ್ದು ಅವಳ ಹೆಗಲು ಕುಣಿದದ್ದರಿಂದ ಗೊತ್ತಾಯಿತು. ಎದ್ದು ಹೋಗಿ ಬಾಗಿಲು ತಳ್ಳಿದೆ. ನೀರು ಸರಬರಾಜು ಕಚೇರಿಯ ಬಾಗಿಲು, ತೇವಕ್ಕೆ ಉಬ್ಬಿ ಎಂದೂ ಪೂರ್ತಿ ಮುಚ್ಚುವುದಿಲ್ಲ. ಕಾಲಿನಿಂದ ಒದ್ದೆ. ಆಗಲೂ ಮುಚ್ಚಲಿಲ್ಲ.

ಎದುರು ನಿಂತವಳು ನನ್ನ ಅಕ್ಕನ ಮಗಳು. ಮನೆಯಲ್ಲಿ ನಾನು ಅವಳಿಗೆ ಮಾವ, ನೀನು. ಕಚೇರಿಯಲ್ಲಿ ಸಾರ್, ನೀವು. ಅವಳು ಹದಿಮೂರು ವರ್ಷದಲ್ಲಿ ಒಮ್ಮೆಯೂ ಇದನ್ನು ಅದಲು ಬದಲು ಮಾಡಿರಲಿಲ್ಲ.

ಜಗಳ ಒಂದು ಅರ್ಜಿಯ ಮೇಲೆ. ರಸ್ತೆ, ಸೇತುವೆ, ಚರಂಡಿ, ನೀರಿನ ಪೈಪು, ಹೀಗೆ ಜನರ ಆಸ್ತಿಯನ್ನು ನೋಡಿಕೊಳ್ಳುವವರಿಗಾಗಿ ಎಂಜಿನಿಯರುಗಳ ಒಕ್ಕೂಟವೊಂದು ವರ್ಷಕ್ಕೊಮ್ಮೆ ಸ್ಕಾಲರ್‌ಶಿಪ್ ಕೊಡುತ್ತದೆ. ಒಂದು ವರ್ಷ ಓದು, ಹಾಸ್ಟೆಲು, ಪುಸ್ತಕ ಎಲ್ಲ ಅವರದೇ. ಓದಿ ಬಂದರೆ ಒಂದು ವಿಭಾಗವನ್ನೇ ನಡೆಸುವ ಅರ್ಹತೆ. ಆದರೆ ವಯಸ್ಸು ಮೂವತ್ತೈದು ದಾಟಿರಬಾರದು. ಅವಳಿಗೆ ಮರುತಿಂಗಳೇ ದಾಟುತ್ತಿತ್ತು. ಅರ್ಜಿ ಅವತ್ತೇ ಸಂಜೆ ಐದರೊಳಗೆ ಹೋಗಬೇಕು, ಅದರ ಮೇಲೆ ಕಚೇರಿಯ ಮುಖ್ಯಸ್ಥನ ಸಹಿ ಇರಬೇಕು. ಮುಖ್ಯಸ್ಥ ನಾನು. ಆಗ ಹನ್ನೊಂದೂವರೆ ಗಂಟೆ.

"ಹೋದ ವರ್ಷ ಕೇಳಿದ್ರೆ ಮುಂದಿನ ವರ್ಷ ಅಂದ್ರಿ. ಅದರ ಹಿಂದಿನ ವರ್ಷಾನೂ ಅದೇ ರಾಗ. ಇನ್ನು ನನಗೆ ಮುಂದಿನ ವರ್ಷ ಅನ್ನೋದೇ ಇಲ್ಲ."

"ನೀನು ಹೋದ್ರೆ ಊರಿಗೆ ನೀರು ಕೊಡೋರು ಯಾರೇ? ನಿಮ್ಮಪ್ಪನಾ?"

"ನಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು. ಮಲಗಿರೋನನ್ನ ಯಾಕೆ ಎಬ್ಬಿಸ್ತೀರಿ?"

ಅಷ್ಟರಲ್ಲಿ ಮುಚ್ಚದ ಬಾಗಿಲಿನಿಂದ ಸರ್ಟಿಫಿಕೇಟು ತಲೆ ಹಾಕಿದ. ನಮ್ಮಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಬೆಂಕಿ ಆರಿಸುವ ತರಬೇತಿ, ಕಂಪ್ಯೂಟರ್ ತರಬೇತಿ, ಕಡತ ಜೋಡಿಸುವ ತರಬೇತಿ, ಮನಸ್ಸಿನ ಒತ್ತಡ ಇಳಿಸಿಕೊಳ್ಳುವ ತರಬೇತಿ, ಎಲ್ಲಕ್ಕೂ ಹೋಗಿ ಬಂದವನು. ಅವನ ಮನೆಯ ಗೋಡೆಗೆ ಸುಣ್ಣ ಹೊಡೆಸುವ ಅಗತ್ಯವೇ ಇಲ್ಲ, ಅಷ್ಟು ಪ್ರಮಾಣಪತ್ರ ತೂಗುಹಾಕಿದ್ದಾನೆ. ಅವನನ್ನು ಕಳಿಸುತ್ತಿದ್ದುದು ಜಾಣ ಎಂದಲ್ಲ. ಅವನು ತಿಂಗಳುಗಟ್ಟಲೆ ಇಲ್ಲದಿದ್ದರೂ ಯಾವ ನಲ್ಲಿಯೂ ನಿಲ್ಲುವುದಿಲ್ಲ ಎಂದು. ಮೇಲಿನವರು "ಒಬ್ಬರನ್ನು ಕಳಿಸಿ" ಎಂದಾಗಲೆಲ್ಲ ನಾವು ಹುಡುಕುವುದು ಕಲಿಯಬಲ್ಲವರನ್ನಲ್ಲ, ಬಿಟ್ಟುಕೊಡಬಲ್ಲವರನ್ನು. ಉಳುವ ಎತ್ತನ್ನು ಯಾರಾದರೂ ಮೆರವಣಿಗೆಗೆ ಕೊಡುತ್ತಾರೆಯೇ? ಇದು ನನ್ನ ಕಚೇರಿಯೊಂದರ ಕಥೆಯಲ್ಲ, ಬೇಕಾದರೆ ಪಕ್ಕದ ಕಚೇರಿಯಲ್ಲಿ ಹೋಗಿ ಕೇಳಿ.

"ಸಾರ್, ನನ್ನ ಫಾರಂಗೆ ಫೋಟೋ ಅಂಟಿಸೋದು ಮರೆತಿದ್ದೆ" ಎಂದ ಸರ್ಟಿಫಿಕೇಟು. ಮೇಜಿನ ಮೇಲಿದ್ದ ಕಡತದಿಂದ ಒಂದು ಹಾಳೆ ಎಳೆದ. ಅದರ ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಮೊಹರು.

ಅವಳು ಹಾಳೆಯನ್ನು ನೋಡಿದಳು. ಅದೇ ಸ್ಕಾಲರ್‌ಶಿಪ್.

"ನಾನು ಬೇಡ ಅಂದೆ ಅಕ್ಕಾ, ದೇವರಾಣೆ" ಎಂದ ಅವನು, ಹಾಳೆಯನ್ನು ಬೆನ್ನ ಹಿಂದೆ ಮರೆಮಾಡುತ್ತ. "ನಮ್ಮ ಕಚೇರಿ ಪಾಲಿನ ಜಾಗ ಖಾಲಿ ಹೋಗಬಾರದು, ನೀನೇ ತುಂಬು ಅಂದ್ರು ಸಾರು."

"ಇವನು ಒಂದು ವಾಲ್ವ್ ತಿರುಗಿಸಿದ್ದನ್ನ ನೋಡಿದ್ದೀರಾ ನೀವು?" ಎಂದು ಕೇಳಿದಳು. ಅವಳ ದನಿ ಇಳಿದಿತ್ತು. ತುಟಿ ನೋಡಿ ತಿಳಿದುಕೊಂಡೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಬರೆಯುವುದು ನನಗೆ ಬಾರದು. ನನ್ನ ಕಿವಿ ಹೋಗಿದೆ. ಬಲಗಿವಿ ಪೂರ್ತಿ, ಎಡಗಿವಿ ಮುಕ್ಕಾಲು. ಇಪ್ಪತ್ತು ವರ್ಷ ಪಂಪ್‌ಹೌಸಿನಲ್ಲಿ ಮೂರು ಮೋಟಾರುಗಳ ನಡುವೆ ನಿಂತವನು ನಾನು. ಎದುರಿಗಿದ್ದವರ ಬಾಯಿ ನೋಡಿ ಮಾತು ತಿಳಿಯುತ್ತದೆ. ನಾನು ಮೊದಲಿಂದಲೂ ಕಿರುಚುವವನೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆದರೆ ನಮ್ಮ ಕೆಲಸಕ್ಕೆ ಕಿವಿಯೇ ಕಣ್ಣು. ನೆಲದೊಳಗೆ ಪೈಪು ಒಡೆದರೆ ನೀರು ಒಡೆದ ಕಡೆಯೇ ಮೇಲೆ ಬರುವುದಿಲ್ಲ, ಎಲ್ಲೋ ಹರಿದು ಇನ್ನೆಲ್ಲೋ ಉಕ್ಕುತ್ತದೆ. ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಸೋರುವ ಸದ್ದು ಎಲ್ಲಿ ದಪ್ಪವಾಗಿದೆ ಎಂದು ಹುಡುಕಬೇಕು. ಆ ಸರಳನ್ನು ಅವಳ ಕೈಗೆ ಕೊಟ್ಟು ಕಲಿಸಿದವನು ನಾನು. ಆರು ವರ್ಷದಿಂದ ಕೇಳುತ್ತಿದ್ದವಳು ಅವಳೊಬ್ಬಳೇ. ಮಂಡಿ ನೋವು, ಬಗ್ಗಲಾಗುವುದಿಲ್ಲ ಎಂದು ಹೇಳಿ ಅವಳನ್ನೇ ಕಳಿಸುತ್ತಿದ್ದೆ. ಅವಳು ಒಂದು ವರ್ಷ ಹೋದರೆ ಒಂದು ವಾರದಲ್ಲಿ ನನ್ನ ಬಣ್ಣ ಬಯಲು. ಕಿವುಡನನ್ನು ಯಾರೂ ಈ ಕುರ್ಚಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಆಗ ಗುಮಾಸ್ತೆ ಬಂದಳು. ಶಾಲೆಯ ಹಿಂದಿನ ಓಣಿಯಲ್ಲಿ ಡಾಂಬರು ಸೀಳಿ ಮೂರು ಕಡೆ ನೀರು ಉಕ್ಕುತ್ತಿದೆಯಂತೆ, ಬೇಗ ಇವಳನ್ನು ಕಳಿಸಬೇಕಂತೆ.

"ಸಹಿ ಬೀಳದೆ ನಾನು ಹೊಸಿಲು ದಾಟಲ್ಲ" ಎಂದಳು ಅವಳು.

"ದಾಟಬೇಡ! ನೀನಿಲ್ದಿದ್ರೆ ಊರು ಮುಳುಗುತ್ತಾ? ನಿನಗೆ ಕೆಲಸ ಕಲಿಸಿದವನು ನಾನು ಕಣೇ, ನಾನೇ ಹೋಗ್ತೀನಿ!"

ಹಾಳು ಸಿಟ್ಟು. ಬಾಯಿಂದ ಮಾತು ಬಿದ್ದ ಮೇಲೆ ಬುದ್ಧಿ ಬಂತು. ಅವಳು ಗೋಡೆಗೆ ಒರಗಿಸಿದ್ದ ಸರಳನ್ನು ತಂದು ನನ್ನ ಕೈಗೆ ಕೊಟ್ಟಳು.

"ನಡೀರಿ. ನಾನೂ ನೋಡ್ತೀನಿ, ನಾನಿಲ್ದೆ ನಡೆಯುತ್ತಾ ಇಲ್ವಾ ಅಂತ. ನಡೆದ್ರೆ ಆಮೇಲೆ ಸಹಿಗೆ ಅಡ್ಡಿ ಏನಿದೆ?"

ಓಣಿ ಕಿರಿದು. ಎರಡೂ ಕಡೆ ಮನೆಗಳ ಮೆಟ್ಟಿಲು, ಒಗೆದ ಬಟ್ಟೆ, ಒಂದು ಸೈಕಲ್ಲು. ಅಗೆಯುವ ನಾಲ್ವರು ಗುದ್ದಲಿ ಹಿಡಿದು ನನ್ನ ಬಾಯಿ ನೋಡುತ್ತ ನಿಂತರು. ಸರಳು ಊರಿದೆ, ಕಿವಿ ಇಟ್ಟೆ. ಒಂದು ಕಾಲದಲ್ಲಿ ಹೀಗೆ ಕಿವಿಯಿಟ್ಟರೆ ಹಾಲು ಉಕ್ಕುವ ಮೊದಲು ಪಾತ್ರೆಯ ತಳದಲ್ಲಿ ಏಳುತ್ತದಲ್ಲ, ಆ ಸದ್ದು ಕೇಳುತ್ತಿತ್ತು. ಈಗ ದಿಂಬಿಗೆ ಕಿವಿಯಿಟ್ಟ ಹಾಗಿತ್ತು. ನಾಲ್ಕು ಕಡೆ ಇಟ್ಟೆ. ಎಲ್ಲ ಕಡೆಯೂ ದಿಂಬು. ತಲೆಯಾಡಿಸಿ, ಹುಬ್ಬು ಗಂಟಿಕ್ಕಿ, ಒಂದು ಮನೆಯ ಮೆಟ್ಟಿಲ ಮುಂದೆ ಗೆರೆ ಎಳೆದೆ.

"ಇಲ್ಲಿ."

ಡಾಂಬರು ಕಿತ್ತು ಎದೆಯುದ್ದ ಅಗೆಯಲು ಗಂಟೆ ಹಿಡಿಯಿತು. ಪೈಪು ಗಟ್ಟಿಯಾಗಿ, ಒಣಗಿ, ಹೊಸದರಂತೆ ಇತ್ತು.

"ಅಲ್ಲಿ" ಎಂದೆ, ಹದಿನೈದು ಹೆಜ್ಜೆ ಆಚೆ ತೋರಿಸಿ.

ಅಗೆಯುವವರಲ್ಲಿ ಹಿರಿಯ ಏನೋ ಗೊಣಗಿದ. "ನಾನು ಹೇಳ್ತಿದ್ದೀನಲ್ಲ!" ಎಂದು ಕೂಗಿದೆ. ಅಗೆದರು. ಅಲ್ಲೂ ಒಣ ಮಣ್ಣು. ಮೆಟ್ಟಿಲ ಮೇಲೆ ನಿಂತಿದ್ದ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಏನು ಸ್ವಾಮಿ, ನೀರು ನಿಲ್ಲಿಸೋಕೆ ಬಂದ್ರೋ ಮನೆಗೆ ಪಾಯ ಹಾಕೋಕೆ ಬಂದ್ರೋ?"

ಎಲ್ಲರೂ ನಕ್ಕರು. ನಾನು ಅವಳ ಮೇಲೂ ಕಿರುಚಿದೆ. ಓಣಿಯ ನೀರು ಅಷ್ಟರಲ್ಲಿ ಶಾಲೆಯ ಗೇಟು ಮುಟ್ಟಿತ್ತು.

ಅಕ್ಕನ ಮಗಳು ಬಂದು ನನ್ನ ಕೈಯಿಂದ ಸರಳು ಕಿತ್ತುಕೊಂಡಳು. ಆರು ಕಡೆ ಇಟ್ಟು ಕೇಳಿದಳು, ಹಿಂದಕ್ಕೆ ಬಂದಳು, ಮತ್ತೆ ಮುಂದೆ ಹೋದಳು. ನನ್ನ ಮೊದಲ ಗುಂಡಿಯಿಂದ ಎಂಟು ಹೆಜ್ಜೆ ದೂರದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಮಂಡಿಯುದ್ದ ಅಗೆಯುವಷ್ಟರಲ್ಲೇ ನೀರು ಹಿರಿಯನ ಮುಖಕ್ಕೆ ಹಾರಿತು. ಅವಳೇ ಹೋಗಿ ಮೂಲೆಯ ವಾಲ್ವ್ ಮುಚ್ಚಿದಳು. ಒಡಕಿಗೆ ಪಟ್ಟಿ ಬಿಗಿಯುವಾಗ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದಳು.

ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಸುತ್ತಿಕೊಂಡು ನನ್ನ ಎದುರಿಗೆ ಬಂದಳು.

"ಹಿಂದಿನಿಂದ ಮೂರು ಸಲ ಕರೆದೆ ಮಾವ" ಎಂದಳು.

ಕೆಲಸದ ಜಾಗದಲ್ಲಿ ಮೊದಲ ಸಲ ಮಾವ ಎಂದಿದ್ದಳು.

"ಯೋಚನೇಲಿದ್ದೆ."

"ಯಾವಾಗಿಂದ?"

"ಏನೇ ಯಾವಾಗಿಂದ?"

"ಕಿವಿ."

"ಮೋಟಾರಿನ ಪಕ್ಕ ಇಪ್ಪತ್ತು ವರ್ಷ ನಿಂತು ನೋಡು, ಆಮೇಲೆ ಕೇಳು ಯಾವಾಗಿಂದ ಅಂತ!"

"ಅತ್ತೆಗೆ ಗೊತ್ತಾ?"

"ನಾನು ಯಾರ ಮಾತೂ ಕೇಳದವನು ಅಂತ ನಿಮ್ಮತ್ತೆಗೆ ಮದುವೆಯಾದ ದಿನದಿಂದಲೂ ಗೊತ್ತು."

ಅವಳು ನಗಲಿಲ್ಲ. ಕೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಆರು ವರ್ಷ ಮಂಡಿ ನೋವು ಅಂದೆ ನೀನು. ನಾನು ನಿನ್ನ ಮಂಡಿಗೆ ಎಣ್ಣೆ ತಂದುಕೊಟ್ಟೆ ಮಾವ. ಭಾನುವಾರ ಬಂದು ತಿಕ್ಕಿಯೂ ಕೊಟ್ಟೆ."

ಕಚೇರಿಗೆ ಬಂದಾಗ ನಾಲ್ಕೂಕಾಲು. ಅವಳು ಕೈ ತೊಳೆದು ಅರ್ಜಿಯನ್ನು ನನ್ನ ಮುಂದಿಟ್ಟಳು. ಸಹಿ ಹಾಕುವ ಜಾಗದ ಮೇಲ್ಗಡೆ ಒಂದು ಪ್ರಶ್ನೆಯಿತ್ತು: ಅಭ್ಯರ್ಥಿ ಓದಿಗೆ ಹೋದ ಅವಧಿಯಲ್ಲಿ ಅವರ ಕೆಲಸವನ್ನು ಯಾರು ನಿರ್ವಹಿಸುತ್ತಾರೆ? ಸರ್ಟಿಫಿಕೇಟಿನ ಅರ್ಜಿಯಲ್ಲಿ ಅದಕ್ಕೆ ಉತ್ತರ ಬರೆಯಲು ನನಗೆ ಅರೆಗಳಿಗೆ ಹಿಡಿದಿರಲಿಲ್ಲ.

"ಕಿವಿ ವಿಷಯ ಯಾರಿಗೂ ಹೇಳಬೇಡ" ಎಂದಳು. ನಾನು ನೋಡಲಿ ಎಂದು ತುಟಿಗಳನ್ನು ನಿಧಾನವಾಗಿ ಆಡಿಸುತ್ತಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ. "ಸೋರೋ ಜಾಗ ಹುಡುಕೋ ಯಂತ್ರ ಬರುತ್ತೆ, ಒಂದನ್ನ ಕೊಡಿ ಅಂತ ಮೇಲಿನ ಕಚೇರಿಗೆ ಬರಿ. ಅದನ್ನ ಹಿಡಿಯೋಕೆ ಒಬ್ಬರನ್ನ ಕೇಳು. ಹೊಸಬರಿಗೆ ನಾನು ಹೋಗೋ ಮುಂಚೆ ಕಲಿಸಿಕೊಡ್ತೀನಿ. ರಜಾ ದಿನ ಬಂದು ನೋಡಿಕೊಂಡೂ ಹೋಗ್ತೀನಿ."

"ಇಷ್ಟು ವರ್ಷ ಬೇಡದ್ದು ಈಗ್ಯಾಕೆ ಅಂತ ಕೇಳ್ತಾರೆ. ಡಾಕ್ಟರ ಹತ್ರ ಕಳಿಸ್ತಾರೆ. ಆಮೇಲೆ ನಾನು ಉಗ್ರಾಣದಲ್ಲಿ ಕೂತು ತಿರುಪು ಎಣಿಸಬೇಕು. ನಿನ್ನ ಓದಿಗೋಸ್ಕರ!"

"ಎಣಿಸಿದ್ರೆ ಏನಾಗುತ್ತೆ? ಸಂಬಳ ಅದೇ ಬರುತ್ತೆ."

"ಮರ್ಯಾದೆ?"

"ನಾನು ಹದಿಮೂರು ವರ್ಷ ಗುಂಡೀಲಿ ನಿಂತಿದ್ದೀನಿ. ನನ್ನದು ಎಲ್ಲಿ ಹೋಗಿತ್ತು?"

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಸರಿಯಾದ ಮಾತಿಗೆ ಉತ್ತರವಿಲ್ಲದಾಗ ಮನುಷ್ಯ ಏನು ಹುಡುಕುತ್ತಾನೋ ಅದನ್ನೇ ನಾನೂ ಹುಡುಕಿದೆ.

"ಕೈ ಹಿಡಿದು ಇಲ್ಲಿಗೆ ತಂದವನು ನಾನು. ಇಲ್ದಿದ್ರೆ ನೀನೂ ನಿಮ್ಮಮ್ಮನೂ ಇವತ್ತಿಗೂ ಯಾರದೋ ಮನೇಲಿ ಪಾತ್ರೆ ತಿಕ್ಕಿಕೊಂಡು ಬಿದ್ದಿರ್ತಿದ್ರಿ. ಉಂಡ ಮನೆಗೆ ಎರಡು ಬಗೆಯೋಕೆ ಬಂದಿದ್ದೀಯಾ?"

ಗುಮಾಸ್ತೆ ಟೈಪು ಮಾಡುವುದನ್ನು ನಿಲ್ಲಿಸಿದಳು. ಅಕ್ಕನ ಮಗಳು ಎದುರಿನ ಕುರ್ಚಿ ಎಳೆದು ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ನಾನೂ ಬೈಯಬಹುದಿತ್ತು. ಅವಳು ಅರ್ಜಿಯನ್ನು ನೋಡುತ್ತಿದ್ದಳು. ಪೆನ್ನಿನ ಮುಚ್ಚಳ ತೆಗೆದೆ. ಒಂದು ಹೆಸರು ಬರೆದರೆ ಆಗಿತ್ತು, ಯಾರದ್ದಾದರೂ ಸರಿ. ಆ ಖಾಲಿ ಗೆರೆಯ ಮೇಲೆ ಪೆನ್ನಿಟ್ಟೆ, ಶಾಯಿ ಒಂದು ಚುಕ್ಕೆಯಾಗಿ ಹರಡಿತು.

"ಐದಕ್ಕೆ ಹತ್ತು ನಿಮಿಷ ಇದೆ" ಎಂದಳು.

ಪೆನ್ನಿಗೆ ಮುಚ್ಚಳ ಹಾಕಿದೆ.

ಅವಳು ಎದ್ದು ಜೇಬಿನಿಂದ ವಾಲ್ವ್ ಗುಂಡಿಗಳ ಬೀಗದಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಅರ್ಜಿಯನ್ನು ಮುಟ್ಟಲೂ ಇಲ್ಲ.

"ರಜೆ ಬೇಕಾದ್ರೆ ಬರೆದುಕೊಟ್ಟು ಹೋಗು!" ಎಂದು ಕೂಗಿದೆ. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದು ರಜೆಯ ಅರ್ಜಿ!

ಸರ್ಟಿಫಿಕೇಟು ಸ್ಕ್ಯಾನರಿನ ಹತ್ತಿರ ಹೆದರಿ ನಿಂತಿದ್ದ. "ಸಾರ್... ನಂದನ್ನ ಕಳಿಸ್ಲಾ, ಬೇಡ್ವಾ?"

"ಕಳಿಸು! ಕಳಿಸಿ ಹಾಳಾಗಿ ಹೋಗು!"

ಕಿಟಕಿಗೆ ಹೋದೆ. ಅಂಗಳದಲ್ಲಿ ಅಗೆಯುವ ನಾಲ್ವರು ಗುದ್ದಲಿ ತೊಳೆಯುತ್ತಿದ್ದರು. ಅವಳು ಹಿರಿಯನ ಹತ್ತಿರ ನಿಂತು ಏನೋ ಹೇಳಿದಳು. ಅವನು ಗುದ್ದಲಿ ಕೆಳಗಿಟ್ಟು ಎದ್ದು ನಿಂತ. ಅವಳು ಕೆಸರು ಬಟ್ಟೆಯಲ್ಲೇ ಗೇಟಿನ ಕಡೆ ನಡೆದಳು.

"ನಾಳೆ ಎಂಟಕ್ಕೆ ಬಂದುಬಿಡು!" ಎಂದು ಕೂಗಿದೆ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು.

ಎಂಟಕ್ಕೆ ಬರಲಿಲ್ಲ. ಹತ್ತಕ್ಕೂ ಬರಲಿಲ್ಲ. ಅಕ್ಕನ ಮನೆಗೆ ಹೋದೆ, ಅಕ್ಕ ಬಾಗಿಲಲ್ಲೇ ನಿಂತು "ಇಲ್ಲ" ಎಂದಳು, ಒಳಗೆ ಕರೆಯಲಿಲ್ಲ. ಅವಳ ಮುಖ ನೋಡಿ ಇವತ್ತಿಗೆ ಹನ್ನೊಂದು ತಿಂಗಳು.